ಒಂದು ಹಸಿರನ್ನು ಒರೆಸಿದ್ದು

ಏಳುನೂರ ಎಂಬತ್ತಾರು ಕಿಲೋಮೀಟರ್ ಮೇಲಿಂದ
ಯಾವ ಬೆಟ್ಟವೂ ನುಣ್ಣಗೇ.
ಐದು ದಿನಕ್ಕೊಮ್ಮೆ ಹಾದುಹೋಗುವ ಕಣ್ಣು
ಟರ್ಕ್ವೆಲ್ ಹೊಳೆಯ ದಂಡೆಯನ್ನು
ಹತ್ತು ಮೀಟರಿನ ಚೌಕಗಳಾಗಿ ಕತ್ತರಿಸಿ
ಒಂದೊಂದಕ್ಕೂ ಒಂದು ಅಂಕಿ ಕೊಡುತ್ತದೆ.
ಅಂಕಿ ದೊಡ್ಡದಾದರೆ ಹಸಿರು,
ಹಸಿರಾದರೆ ಮೇವು,
ಮೇವಿದ್ದರೆ ಹಾಲು,
ಹಾಲಿದ್ದರೆ ಮಕ್ಕಳು ಚೆನ್ನಾಗಿದ್ದಾರೆ.
ಮಗ್ಗಿ ಒಪ್ಪಿಸಿದಷ್ಟು ಸಲೀಸು.

ಆ ಮಾರ್ಚಿನಲ್ಲಿ ನಕ್ಷೆ ಹಸಿರಾಗಿತ್ತು.

ಅದೇ ಮಾರ್ಚಿನಲ್ಲಿ ನಾರೊಟ್
(ಹೆಸರಿನ ಅರ್ಥ, ದಾರಿಯಲ್ಲಿ ಹುಟ್ಟಿದವಳು)
ದಂಡೆಗುಂಟ ನಡೆದಳು,
ಚೀಲದಲ್ಲಿ ಗಾಜು ಒಡೆದ ಫೋನು
ಮತ್ತು ಮೂರು ಬಣ್ಣದ ಒಂದು ಪಟ್ಟಿ.
ಮಗುವಿನ ತೋಳಿಗೆ ಸುತ್ತಿ ಮೆಲ್ಲಗೆ ಎಳೆದರೆ
ಕಿಂಡಿಯಲ್ಲಿ ಬಣ್ಣ ಕಾಣುತ್ತದೆ.
ಹನ್ನೆರಡು. ಹಳದಿ.
ಪಕ್ಕದ ಗುಡಿಸಲು, ಹನ್ನೊಂದೂ ಕಾಲು. ಕೆಂಪು.
ಅದರಾಚೆಯ ಗುಡಿಸಲಲ್ಲಿ
ಪಟ್ಟಿಯೇ ತಪ್ಪಿರಬೇಕೆಂದು
ತನ್ನ ಹೆಬ್ಬೆರಳಿಗೆ ಸುತ್ತಿ ನೋಡಿಕೊಂಡಳು.

ಮುದುಕ ಲೊಪುವಾ ಮಾತಾಡಲಿಲ್ಲ.
ಆಡೊಂದನ್ನು ಹಿಡಿದು ತಂದು
ಬಾಯಿ ಬಿಡಿಸಿ ತೋರಿಸಿದ:
ಹಲ್ಲಿಲ್ಲ.
ಎತಿರೈ ಕಾಯಿ ತಿಂದು ತಿಂದು ಉದುರಿದ್ದು.
ಸುತ್ತಲೂ ಕಣ್ಣಿಗೆ ಹೊಡೆಯುವ ಹಸಿರು, ನಡುವೆ ನಿಂತು
ಆಡು ಬರಿಗಾಳಿಯನ್ನು ಮೆಲುಕು ಹಾಕುತ್ತಿತ್ತು.

ಎತಿರೈ ನಿಮಗೂ ಗೊತ್ತು.
ನೀವು ಅದನ್ನು ಬಳ್ಳಾರಿ ಜಾಲಿ ಅನ್ನುತ್ತೀರಿ.
ಬೇರು ಪಾತಾಳಕ್ಕೆ, ಮುಳ್ಳು ಸೈಕಲ್ಲಿನ ಟೈರಿಗೆ,
ಎಲ್ಲ ಒಣಗಿದ ಮೇಲೆ ಮೈತುಂಬಿಕೊಳ್ಳುವ ಗಿಡ.

ಫಾರ್ಮಿನಲ್ಲಿ ಇಪ್ಪತ್ತೊಂಬತ್ತು ಪ್ರಶ್ನೆ,
ಆಡಿನ ಹಲ್ಲಿಗೆ ಎಲ್ಲೂ ಜಾಗವಿರಲಿಲ್ಲ.
ಕೊನೆಗೊಂದು ಖಾನೆ, 'ಇತರೆ'.
ಅದರಲ್ಲಿ ಬರೆದಳು:
ನಿಮ್ಮ ಹಸಿರನ್ನು ನಮ್ಮ ಆಡು ತಿನ್ನಲಾರದು.
ಆ ಒಂದು ಸಾಲು ಸಿಗ್ನಲ್ಲಿಗಾಗಿ
ಗುಡ್ಡದ ಮೇಲೆ ಒಂದೂವರೆ ದಿನ ಕಾಯಿತು.

ಲೋಡ್ವಾರಿನ ಕಚೇರಿಯಲ್ಲಿ ಎತುಕೊಯಿತ್ ಅದನ್ನು ಓದಿದ.
ಪುಣ್ಯಕ್ಕೆ ಅದು ಬೀಗವಿಲ್ಲದ ತಂತ್ರಾಂಶ:
ಪೋರ್ಟೊದವಳು ಯಾರೋ ಬರೆದದ್ದು,
ಕಠ್ಮಂಡುವಿನವನು ಯಾರೋ ತಿದ್ದಿದ್ದು,
ಒಂದು ಕಡೆ ಹೆಸರಿಲ್ಲದ ಟಿಪ್ಪಣಿ,
'ಇದು ಹೇಗೆ ನಡೆಯುತ್ತಿದೆಯೋ ತಿಳಿಯದು, ಮುಟ್ಟಬೇಡಿ.'
ಅವನು ಮುಟ್ಟಿದ.
ಮಳೆಗೆ ಎಲ್ಲವೂ ಹಸಿರಾಗುತ್ತದೆ, ಸರಿ.
ಬಿರುಬೇಸಿಗೆಯಲ್ಲೂ ಹಸಿರಾಗೇ ಉಳಿಯುವ ಚೌಕ ಯಾವುದು?
ನಾರೊಟ್ ಮುಳ್ಳಿನ ನಡುವೆ ನಿಂತು ನಿಂತು ಕಳಿಸಿದ
ಇನ್ನೂರ ಹನ್ನೆರಡು ಬಿಂದುಗಳು,
ಅವಳ ಲಂಗದ ಅಂಚಿನ ಅಷ್ಟೇ ಹರಕುಗಳು,
ಅವುಗಳ ಮೇಲೆ ಹದಿನಾಲ್ಕು ಸಾಲು.
ರಾತ್ರಿ ಎರಡಕ್ಕೆ ನಕ್ಷೆ ಮತ್ತೆ ಬಿಡಿಸಿಕೊಂಡಾಗ
ಹೊಳೆಯ ಎರಡೂ ದಂಡೆ
ಸುಟ್ಟ ರೊಟ್ಟಿಯ ಬಣ್ಣ.

ಬೆಳಿಗ್ಗೆ ನೈರೋಬಿಯಿಂದ ಫೋನು:
ಒಂದೇ ರಾತ್ರಿಯಲ್ಲಿ ಬರ ತಂದುಬಿಟ್ಟೆಯೇನಯ್ಯಾ?
ಬರ ಇತ್ತು ಸರ್. ನಾನು ಹಸಿರು ಒರೆಸಿದೆ, ಅಷ್ಟೆ.

ಕೈಹುಣ್ಣಿಗೆ ಕನ್ನಡಿ ಯಾಕೆ ಎನ್ನುತ್ತಾರೆ.
ಕೈ ಒಂದೂರಲ್ಲಿ, ಕಣ್ಣು ಇನ್ನೊಂದೂರಲ್ಲಿದ್ದರೆ
ಬೇಕಾಗುತ್ತದೆ.
ಆದರೆ ಕನ್ನಡಿಯ ಹಿಂಬದಿ ಬಿಚ್ಚಿ
ರಸ ಉದುರಿದ ಕಡೆ ಬಳಿಯಲು
ಹುಣ್ಣಾದ ಕೈಗೂ ಬಿಡಬೇಕು.

ಲಾರಿ ಬಂತು, ಹತ್ತೊಂಬತ್ತು ದಿನಕ್ಕೆ.
ಮೂರನೆಯ ಗುಡಿಸಲಿಗೆ ಅದು ತಡ.
ಅಲ್ಲಿ ನಾರೊಟ್ ಪಟ್ಟಿಯನ್ನು ಚೀಲದಿಂದ ತೆಗೆಯಲಿಲ್ಲ;
ಕೂತಳು, ಎದ್ದಳು.

ಈಗ ಆ ಹದಿನಾಲ್ಕು ಸಾಲನ್ನು
ಗಡಿಯಾಚೆ ಅಫಾರಿನಲ್ಲಿ ಯಾರೋ ಇಳಿಸಿಕೊಂಡಿದ್ದಾರೆ,
ಅಲ್ಲೂ ಅದೇ ಜಾಲಿ.
ಕೇಳಿ ಬರೆದಿದ್ದಾರೆ: ಎಲ್ಲ ಚೆನ್ನಾಗಿ ನಡೆಯುತ್ತಿದೆ,
ಆದರೆ ಈ ಭಾಗಕ್ಕೆ 'ಆಡಿನ ಹಲ್ಲು' ಅಂತ
ಹೆಸರಿಟ್ಟಿದ್ದೇಕೆ?
ಉತ್ತರ ಯಾರೂ ಕೊಟ್ಟಿಲ್ಲ ಇನ್ನೂ.
ಎತುಕೊಯಿತ್, ಅವಳೇ ಹೇಳಲಿ ಎಂದು ಬಿಟ್ಟಿದ್ದಾನೆ.
ಅವಳು ದಾರಿಯಲ್ಲಿದ್ದಾಳೆ.